ಇಸ್ತ್ರಿ ಹಾಕಿದ ಮುಖಗಳು

ನಮ್ಮ ಅಪ್ಪನ ಫೋಟೋ ಸ್ಟುಡಿಯೋಗೆ ಬೋರ್ಡಿನ ಮೇಲೆ ಬೇರೆ ಹೆಸರಿದೆ. ಊರಿನ ಬಾಯಲ್ಲಿ ಮಾತ್ರ ಅದು ಇಸ್ತ್ರಿ ಅಂಗಡಿ. ಅಲ್ಲಿ ಇಸ್ತ್ರಿ ಹಾಕುವುದು ಬಟ್ಟೆಗಲ್ಲ, ಮುಖಕ್ಕೆ ಎಂದು ಯಾರೋ ತಮಾಷೆಗೆ ಅಂದದ್ದು ಹಾಗೆಯೇ ಅಂಟಿಕೊಂಡಿತು. ಸುಕ್ಕು, ಮೊಡವೆ, ಕಣ್ಣಿನ ಕೆಳಗಿನ ಕಪ್ಪು, ಯಾವುದೂ ಅಪ್ಪನ ಕೈ ದಾಟಿ ಹೊರಗೆ ಹೋಗುತ್ತಿರಲಿಲ್ಲ. ಅದೇ ಸಾಲಿನ ನಾಲ್ಕನೆಯ ಮಳಿಗೆಯಲ್ಲಿ ನಿಜವಾದ ಇಸ್ತ್ರಿಯವನಿದ್ದಾನೆ. ದಾರಿ ತಪ್ಪಿ ತನ್ನಲ್ಲಿಗೆ ಬಂದವರನ್ನು ಅಪ್ಪನ ಕಡೆಗೆ ಅಟ್ಟುತ್ತಾ, "ನಿನ್ನ ಗಿರಾಕಿ ಬರ್ತಿದಾರೆ ನೋಡಣ್ಣ, ಹಣೆ ಮೇಲೆ ನಾಲ್ಕು ಮಡಿಕೆ ಇದೆ, ಸ್ವಲ್ಪ ನೀರು ಚಿಮುಕಿಸ್ಕೋ" ಎಂದು ಅಲ್ಲಿಂದಲೇ ಕೂಗುತ್ತಾನೆ.

ಸ್ಟುಡಿಯೋ ಎಂದರೆ ಒಂದೇ ಕೋಣೆ, ನಡುವೆ ಒಂದು ಪರದೆ. ಪರದೆಯ ಈಚೆ ಗಾಜಿನ ಕೌಂಟರು ಮತ್ತು ಕಂಪ್ಯೂಟರು. ಆಚೆ ಒಂದು ಸ್ಟೂಲು, ಎರಡು ದೀಪ, ಗೋಡೆಯಲ್ಲಿ ಕನ್ನಡಿ, ಕನ್ನಡಿಗೆ ದಾರದಿಂದ ಕಟ್ಟಿದ ಬಾಚಣಿಗೆ. ಮೊಳೆಯಲ್ಲಿ ಒಂದು ಕಪ್ಪು ಕೋಟು ತೂಗುತ್ತಿರುತ್ತದೆ. ಎಲ್ಲರ ಅಳತೆಗೂ ಅದೊಂದೇ. ತೆಳ್ಳಗಿನವರಿಗೆ ಅಪ್ಪ ಬೆನ್ನ ಹಿಂದೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಬಿಗಿ ಮಾಡುತ್ತಾನೆ. ದಪ್ಪಗಿನವರಿಗಾಗಿ ಹಿಂದಿನ ಹೊಲಿಗೆಯನ್ನು ಬಿಚ್ಚಿಯೇ ಇಟ್ಟಿದ್ದಾನೆ. ಫೋಟೋದಲ್ಲಿ ಬೆನ್ನು ಯಾರಿಗೂ ಕಾಣುವುದಿಲ್ಲ.

ಏಳನೆಯ ತರಗತಿಗೆ ಶಾಲೆ ಬಿಟ್ಟು ಹೊಲದ ಕೆಲಸ ಮಾಡಿಕೊಂಡಿದ್ದ ಅಪ್ಪನನ್ನು ಈ ಕಸುಬಿಗೆ ಎಳೆದು ತಂದದ್ದು ಒಂದೇ ಒಂದು ಫೋಟೋ. ಅದು ಅವನ ಅಕ್ಕನದು, ಅಂದರೆ ನನ್ನ ಅತ್ತೆಯದು.

ಅತ್ತೆಗೆ ನಾಲ್ಕು ವರ್ಷವಿದ್ದಾಗ ಕುದಿಯುವ ನೀರಿನ ಪಾತ್ರೆ ಮಗುಚಿಕೊಂಡು ಎಡ ದವಡೆಯಿಂದ ಕಿವಿಯವರೆಗೆ ಸುಟ್ಟಿತ್ತು. ಗಾಯ ಮಾಯ್ದು ಚರ್ಮ ಕಂದು ಬಣ್ಣಕ್ಕೆ ತಿರುಗಿ, ನೆನೆದ ಕಾಗದ ಒಣಗಿದ ಹಾಗೆ ಸುರುಟಿಕೊಂಡಿತ್ತು. ಹಳ್ಳಿಯಲ್ಲಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ದಿನಾ ನೋಡುವ ಬಾಗಿಲಿನ ಬಿರುಕಿನ ಹಾಗೆ. ಅವಳಿಗೆ ಇಪ್ಪತ್ತು ತುಂಬಿದಾಗ ಮದುವೆಯ ಮಾತು ಬಂತು. ಹುಡುಗ ದೂರದ ಊರಿನಲ್ಲಿ ಕೆಲಸದಲ್ಲಿದ್ದ. ರಜೆ ಸಿಗುವುದು ಮದುವೆಗೆ ಮಾತ್ರ, ಮೊದಲು ಫೋಟೋ ಕಳಿಸಿ ಎಂದರು. ಅಜ್ಜ ಮಗಳನ್ನೂ ಹದಿನೇಳರ ಮಗನನ್ನೂ ಕರೆದುಕೊಂಡು ಬಸ್ಸು ಹತ್ತಿದ.

ಪೇಟೆಯಲ್ಲಿ ಆಗ ಮುಖದ ಫೋಟೋ ಎಂದರೆ ಒಬ್ಬರೇ. ಅವರನ್ನು ಜನ 'ಅಲುಗಾಡಬೇಡಿ' ಎಂದೇ ಕರೆಯುತ್ತಿದ್ದರು. ಕೂತವರ ಜೊತೆ ಅವರು ಆಡುತ್ತಿದ್ದ ಮಾತು ಅದೊಂದೇ. ಅಜ್ಜ ಕೈ ಹೊಸೆಯುತ್ತಾ, "ಸ್ವಲ್ಪ ಚೆನ್ನಾಗಿ ಬರೋ ಹಾಗೆ..." ಎಂದ. ಅವರು ಅತ್ತೆಯ ಗದ್ದವನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಕಡೆ ತಿರುಗಿಸಿದರು, ಹೆಸರು ಕೂಡ ಕೇಳಲಿಲ್ಲ. "ಅಲುಗಾಡಬೇಡಿ." ಒಂದೇ ಸಲ ತೆಗೆದರು. ಒಂದು ವಾರ ಬಿಟ್ಟು ಬನ್ನಿ ಎಂದರು.

ಒಂದು ವಾರದ ಮೇಲೆ ಬಂದ ಫೋಟೋದಲ್ಲಿ ಸುಟ್ಟ ಗುರುತು ಇರಲಿಲ್ಲ. ದವಡೆ ಬೆಣ್ಣೆಯ ಹಾಗೆ ನುಣ್ಣಗಿತ್ತು. ಅಜ್ಜಿ ಕಣ್ಣೊರೆಸಿಕೊಂಡಳು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇವಳು ಯಾರು?" ಎಂದಳು.

"ನೀನೇ ಕಣೆ," ಎಂದ ಅಜ್ಜ.

"ನನ್ನ ಬಟ್ಟೆ ಹಾಕ್ಕೊಂಡಿದಾಳೆ, ಅಷ್ಟೇ."

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಅವನು ಆ ಫೋಟೋಕ್ಕೆ ಮರುಳಾಗಿದ್ದ. ಒಬ್ಬ ಮನುಷ್ಯ ಕೈಯಿಂದ ಇಷ್ಟು ಮಾಡಬಲ್ಲ ಎಂದರೆ ಅದನ್ನು ಕಲಿಯದೆ ಬದುಕುವುದು ಹೇಗೆ ಎಂದು ಅಂದು ಅನಿಸಿತಂತೆ.

ಹುಡುಗನ ಕಡೆಯಿಂದ ಒಬ್ಬ ಚಿಕ್ಕಪ್ಪ ಬಂದು ಅತ್ತೆಯನ್ನು ನೋಡಿಹೋದ. ಅವನ ದೃಷ್ಟಿಯೇ ಮಂದವಾಗಿತ್ತೋ, ಗಮನವೆಲ್ಲ ಊಟದ ಮೇಲಿತ್ತೋ, ಅಲ್ಲಿ ಹೋಗಿ ಏನೂ ಹೇಳಲಿಲ್ಲ. ನಮ್ಮವರೂ ಹೇಳಲಿಲ್ಲ. ಬಾಸಿಂಗ, ಅರಿಸಿನ, ಸೆರಗಿನ ಮರೆಯಲ್ಲಿ ಮದುವೆ ಆಯಿತು. ನಾಲ್ಕು ತಿಂಗಳ ನಂತರ ಗಂಡನ ತಾಯಿ ಅತ್ತೆಯನ್ನು ಖುದ್ದಾಗಿ ಕರೆತಂದು ಜಗಲಿಯ ಮೇಲೆ ಬಿಟ್ಟರು. ಚೀಲದಿಂದ ಆ ಫೋಟೋ ತೆಗೆದು ಅಜ್ಜನ ಮುಂದಿಟ್ಟರು.

"ನಾವು ಒಪ್ಪಿದ್ದು ಈ ಹುಡುಗೀನ. ಇವಳು ನಿಮ್ಮನೇಲಿ ಇದ್ರೆ ಕಳಿಸಿ."

ನೀರು ಕೊಟ್ಟರೂ ಕುಡಿಯದೆ ಹೊರಟುಹೋದರು. ಅಜ್ಜಿ ಫೋಟೋವನ್ನು ಒಲೆಗೆ ಹಾಕಲು ಹೊರಟಾಗ ಅಪ್ಪ ಕಿತ್ತುಕೊಂಡ. ಅಕ್ಕನ ಮೇಲಿನ ಪ್ರೀತಿಗೆ ಎಂದು ಮನೆಯವರು ತಿಳಿದರು. ಆಮೇಲೆ ಎಷ್ಟೋ ವರ್ಷ ನಾನೂ ಹಾಗೆಯೇ ತಿಳಿದಿದ್ದೆ.

ಅದೇ ವರ್ಷ ಅತ್ತೆ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿಯ ಕಾಜಾ ಹೊಲಿಯುವ ಕೆಲಸಕ್ಕೆ ಸೇರಿದಳು. ಅಪ್ಪ ಅಲುಗಾಡಬೇಡಿಯವರ ಸ್ಟುಡಿಯೋದಲ್ಲಿ ಫೋಟೋ ತೊಳೆಯುವ ಕೆಲಸಕ್ಕೆ ಸೇರಿದ. ಅಕ್ಕತಮ್ಮ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಒಬ್ಬಳು ಮುಖಕ್ಕೆ ಸೆರಗು ಎಳೆದುಕೊಂಡು ಕಿಟಕಿಯ ಪಕ್ಕ, ಇನ್ನೊಬ್ಬ ಸೀಟು ಸಿಕ್ಕಿದರೂ ಕೂರದೆ ಎದುರಿನವರ ಮುಖದ ಮೇಲೆ ಬೆಳಕು ಹೇಗೆ ಬೀಳುತ್ತಿದೆ ಎಂದು ನೋಡುತ್ತಾ.

ಗುರುಗಳು ಏನನ್ನೂ ಹೇಳಿಕೊಡಲಿಲ್ಲ. ಅವರು ಊಟಕ್ಕೆ ಹೋದ ಒಂದು ಗಂಟೆ ಅಪ್ಪನ ಪಾಠಶಾಲೆ. ಕಪಾಟಿನಲ್ಲಿ ಇಪ್ಪತ್ತು ವರ್ಷದ ನೆಗೆಟಿವ್‌ಗಳು ಲಕೋಟೆಗಳಲ್ಲಿದ್ದವು. ಒಂದೊಂದನ್ನೇ ತೆಗೆದು ಕಿಟಕಿಗೆ ಹಿಡಿದು ನೋಡುತ್ತಿದ್ದ. ನೋಡಿದ್ದನ್ನು ಬರೆದಿಡುತ್ತಿದ್ದ. ಆ ಪುಸ್ತಕ ಈಗಲೂ ಇದೆ. "ಸಣ್ಣ ಕಣ್ಣಿದ್ದರೆ ದೀಪ ಕೆಳಗೆ." "ಬೊಕ್ಕ ತಲೆಗೆ ಹಿಂದಿನ ದೀಪ ಬೇಡ." "ಕೈ ಒರಟಾಗಿದ್ದರೆ ಮಡಿಲಲ್ಲಿ ಪುಸ್ತಕ ಕೊಡು." "ಗಂಡಹೆಂಡತಿ ಜಗಳ ಆಡಿ ಬಂದಿದ್ದರೆ ಮೊದಲು ಗಂಡನನ್ನು ಕೂರಿಸು, ಹೆಂಡತಿ ಕಾಯಲಿ, ಮುಖ ಸಡಿಲವಾಗುತ್ತದೆ." ಇನ್ನೂರು ಪುಟ ಇಂಥವೇ. ಎರಡು ಸಲ ಓದಿದ್ದೇನೆ. ಕೂತವರು ಏನು ಹೇಳಿದರು, ಏನು ಬೇಕು ಎಂದರು ಎಂಬ ಒಂದು ಸಾಲು ಅದರಲ್ಲಿ ಎಲ್ಲಿಯೂ ಇಲ್ಲ.

ಮೂರನೆಯ ವರ್ಷ ಅತ್ತೆಯ ಲಕೋಟೆ ಸಿಕ್ಕಿತು. ನೆಗೆಟಿವ್‌ನಲ್ಲಿ ಎಲ್ಲವೂ ತಿರುವುಮುರುವು. ಮುಖದ ಕಪ್ಪು ಜಾಗ ಅಲ್ಲಿ ತಿಳಿಯಾಗಿ ಕಾಣುತ್ತದೆ. ಆ ತಿಳಿ ಜಾಗಕ್ಕೆ ಚೂಪಾದ ಪೆನ್ಸಿಲಿನಿಂದ ಗೀಚಿ ಗೀಚಿ ತುಂಬಿದರೆ ಫೋಟೋದಲ್ಲಿ ಅದು ಬೆಳ್ಳಗಾಗಿ ಸುತ್ತಲಿನ ಚರ್ಮದೊಳಗೆ ಬೆರೆತುಹೋಗುತ್ತದೆ. ಅಪ್ಪ ಭೂತಗನ್ನಡಿ ಇಟ್ಟು ನೋಡಿದ. ಎಡ ದವಡೆಯ ಮೇಲೆಲ್ಲ ಕೂದಲೆಳೆಯಂಥ ಪೆನ್ಸಿಲ್ ಗೀಟುಗಳು, ಒಂದರ ಬಾಲಕ್ಕೆ ಇನ್ನೊಂದು. ನಾನೂರರವರೆಗೆ ಎಣಿಸಿ ಕೈಬಿಟ್ಟ.

ಅಂದು ಸಂಜೆ ಬಸ್ಸಿನಲ್ಲಿ ಅಕ್ಕನ ಪಕ್ಕ ಕೂತು ಹೇಳಿದನಂತೆ. ಇದನ್ನು ನನಗೆ ಹೇಳಿದ್ದು ಅತ್ತೆ.

"ಅಕ್ಕ, ನಿನ್ನ ನೆಗೆಟಿವ್ ಸಿಕ್ತು. ಅಬ್ಬಾ, ಏನು ಕೈ ಅದು ಅಂತೀಯ. ಒಂದು ಗೀಟು ಎಲ್ಲಿ ಮುಗೀತು, ಇನ್ನೊಂದು ಎಲ್ಲಿ ಶುರುವಾಯ್ತು, ಗೊತ್ತೇ ಆಗಲ್ಲ."

"ಹೌದಾ."

"ಎರಡು ದಿನ ಹಿಡಿದಿರತ್ತೆ. ಕಮ್ಮಿ ಅಂದ್ರೂ ಎರಡು ದಿನ."

"ಅಷ್ಟು ಕಷ್ಟ ಪಡೋ ಬದಲು ನನ್ನನ್ನ ಒಂದು ಮಾತು ಕೇಳಬಹುದಿತ್ತು," ಎಂದಳಂತೆ ಅತ್ತೆ. ಅಪ್ಪನಿಗೆ ಅದು ಕಿವಿಗೆ ಬಿತ್ತೋ ಇಲ್ಲವೋ. ಪೆನ್ಸಿಲಿನ ಮೊನೆಯನ್ನು ಮರಳು ಕಾಗದದ ಮೇಲೆ ಹೇಗೆ ಮಸೆಯಬೇಕು ಎಂದು ಊರು ಬರುವವರೆಗೆ ಹೇಳುತ್ತಲೇ ಇದ್ದನಂತೆ.

ಅಪ್ಪ ಅಲ್ಲಿ ಹನ್ನೆರಡು ವರ್ಷವಿದ್ದ. ಕೊನೆಕೊನೆಗೆ ಗುರುಗಳ ಕೈ ನಡುಗತೊಡಗಿ ಪೆನ್ಸಿಲ್ ಅಪ್ಪನ ಕೈಗೆ ಬಂತು. ಸ್ಟುಡಿಯೋ ಮುಚ್ಚುವ ವರ್ಷ ಅಪ್ಪ ಧೈರ್ಯ ಮಾಡಿ ಕೇಳಿದ.

"ನಮ್ಮ ಅಕ್ಕನ ಫೋಟೋ ತೆಗೆದಿದ್ರಿ, ನೆನಪಿದೆಯಾ?"

"ಮುಖ ಯಾರದ್ದೂ ನೆನಪಿರಲ್ಲ. ಏನು ತೆಗೆಯೋದಿತ್ತು ಹೇಳು, ಆಗ ನೆನಪಾಗತ್ತೆ."

"ಸುಟ್ಟ ಗುರುತು. ಎಡ ದವಡೆ, ಕಿವಿ ತನಕ."

"ಓ, ಅದಾ." ಗುರುಗಳ ಕಣ್ಣು ಅರಳಿತಂತೆ. "ಒಳ್ಳೆ ಕೆಲಸ ಅದು. ಎರಡು ದಿನ ಆಯ್ತು."

ಎರಡು ದಿನ ಎಂದು ತಾನು ಊಹಿಸಿದ್ದು ಸರಿಯಾಗಿತ್ತು ಎಂಬುದನ್ನು ಅಪ್ಪ ಇವತ್ತಿಗೂ ಹೆಮ್ಮೆಯಿಂದಲೇ ಹೇಳುತ್ತಾನೆ.

ಆಮೇಲೆ ಸ್ವಂತ ಸ್ಟುಡಿಯೋ ಆಯಿತು, ಫಿಲಂ ಹೋಯಿತು, ಕಂಪ್ಯೂಟರು ಬಂತು. ನಲವತ್ತು ದಾಟಿದ್ದ ಅಪ್ಪ ಮೂರೇ ವಾರದಲ್ಲಿ ಅದನ್ನು ಕಲಿತ. ಎರಡು ದಿನದ ಕೆಲಸ ಈಗ ಎರಡು ನಿಮಿಷಕ್ಕೆ ಬಂದಿತ್ತು. ನಾನು ಪೇಟೆಯ ಕಾಲೇಜಿಗೆ ಸೇರಿದಾಗ ನನ್ನ ಗುರುತಿನ ಚೀಟಿಯ ಫೋಟೋದಲ್ಲಿ ಹನ್ನೊಂದು ಮೊಡವೆ ತೆಗೆದ. ಗೆಳತಿಯರೆಲ್ಲ ನಿಮ್ಮಪ್ಪನ ಹತ್ತಿರವೇ ತೆಗೆಸಬೇಕು ಎಂದು ಸಾಲುಗಟ್ಟಿದರು. ನನಗೂ ಹಿಗ್ಗು. ಇದನ್ನು ಹೇಳದೆ ಮುಂದಿನದನ್ನು ಹೇಳಿದರೆ ತಪ್ಪಾಗುತ್ತದೆ.

ಅತ್ತೆ ಮೂವತ್ತಮೂರು ವರ್ಷ ಕಾಜಾ ಹೊಲಿದಳು. ಆ ಮೂವತ್ತಮೂರು ವರ್ಷದಲ್ಲಿ ಒಮ್ಮೆಯೂ ಕ್ಯಾಮೆರಾದ ಮುಂದೆ ನಿಲ್ಲಲಿಲ್ಲ. ನನ್ನ ಅಪ್ಪ ಅಮ್ಮನ ಮದುವೆಯ ಫೋಟೋಗಳಲ್ಲಿ ಅವಳಿಲ್ಲ, ನನ್ನ ಹುಟ್ಟುಹಬ್ಬದ ಫೋಟೋಗಳಲ್ಲೂ ಇಲ್ಲ. ಕರೆದರೆ, "ನನ್ನದೊಂದು ಆಗಿದೆಯಲ್ಲ, ಸಾಕು" ಎಂದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಐವತ್ತಮೂರಕ್ಕೆ ಎರಡೂ ಕಣ್ಣಿಗೆ ಪೊರೆ ಬಂತು. ಸೂಜಿಯ ಕಣ್ಣು ಕಾಣದೆ ದಿನಕ್ಕೆ ಎರಡು ಸಲ ಬೆರಳು ಚುಚ್ಚಿಕೊಳ್ಳುತ್ತಿದ್ದಳು. ಕಾರ್ಮಿಕರ ಕಾರ್ಡು ಮಾಡಿಸಿಕೊಂಡರೆ ಕಾರ್ಮಿಕರ ಆಸ್ಪತ್ರೆಯಲ್ಲಿ ಆಪರೇಷನ್ ಮಾಡುತ್ತಾರೆ, ಆ ತಿಂಗಳ ಕೊನೆಗೆ ಹೆಸರು ಬರೆದುಕೊಳ್ಳುವುದು ಮುಗಿಯುತ್ತದೆ ಎಂದು ಕಾರ್ಖಾನೆಯಲ್ಲಿ ಹೇಳಿದರು. ಕಾಜಾ ಹೊಲಿಯಲು ಆಗದಿದ್ದರೆ ಆ ಜಾಗದಲ್ಲಿ ಬೇರೆಯವರನ್ನು ಕೂರಿಸುತ್ತೇವೆ ಎಂದೂ ಹೇಳಿದರು.

ಅರ್ಜಿ ತುಂಬಿದ್ದು ನಾನು. 'ಗುರುತಿನ ಚಿಹ್ನೆ' ಎಂಬಲ್ಲಿ ಪೆನ್ನು ನಿಲ್ಲಿಸಿದೆ.

"ಬರಿ, ನಾಚಿಕೆ ಏನು?" ಎಂದಳು ಅತ್ತೆ. "ಎಡ ದವಡೆಯಿಂದ ಕಿವಿ ತನಕ ಸುಟ್ಟಿದ್ದು. ದೊಡ್ಡದು ಅಂತಾನೂ ಬರಿ."

ಮರುದಿನ ಅವಳೇ ಸ್ಟುಡಿಯೋಗೆ ಬಂದಳು. ಮೊದಲ ಸಲ ಆ ಸ್ಟೂಲಿನ ಮೇಲೆ ಕೂತಳು. ಅಪ್ಪ ಕೋಟಿನ ಕಡೆ ನೋಡಿದಾಗ, "ಅದೆಲ್ಲ ಬೇಡ ಕಣೋ. ಇರೋದು ಇರೋ ಹಾಗೆ ತೆಗಿ" ಎಂದಳು.

"ಆಯ್ತಕ್ಕ."

"ಆಯ್ತು ಅಂದ್ರೆ ಆಯ್ತು. ಗುರುತು ಇರಲಿ. ಕೇಳಿಸ್ತಾ?"

"ಕೇಳಿಸ್ತು ಮಾರಾಯ್ತಿ. ಕಿವಿ ನನಗೆ ಚೆನ್ನಾಗಿದೆ, ಕಣ್ಣು ನಿನ್ನದು ಹೋಗಿರೋದು."

ಅತ್ತೆ ನಕ್ಕಳು. ಆ ನಗು ಇಳಿಯುವ ಹೊತ್ತಿಗೆ ಅಪ್ಪ ಗುಂಡಿ ಒತ್ತಿದ. ಕಂಪ್ಯೂಟರಿನಲ್ಲಿ ಅದನ್ನು ನೋಡಿದಾಗ ನಾನು ಬೆರಗಾದೆ. ಅಂಥ ಫೋಟೋವನ್ನು ಅಪ್ಪ ಅದಕ್ಕೆ ಮೊದಲು ತೆಗೆದಿರಲಿಲ್ಲ. ಕಣ್ಣಿನ ಪೊರೆಯ ಹಿಂದೆ ಇನ್ನೂ ನಗುವಿತ್ತು. ದವಡೆಯ ಗುರುತಿನ ಮೇಲೆ ಬೆಳಕು ಮೆತ್ತಗೆ ಬಿದ್ದಿತ್ತು. ಅಷ್ಟರಲ್ಲಿ ಒಬ್ಬರು ಗಿರಾಕಿ ಬಂದು ಪಾಸ್‌ಪೋರ್ಟ್ ಫೋಟೋದ ಅಳತೆಯ ಬಗ್ಗೆ ವಾದ ಶುರು ಮಾಡಿದರು. ಅಪ್ಪ ಅವರಿಗೆ ಉತ್ತರ ಕೊಡುತ್ತಾ ಕೊಡುತ್ತಾ ಅತ್ತೆಯ ಫೋಟೋದ ಮೇಲೆ ಕೈ ಆಡಿಸಿದ. ಹಣೆ, ಕೆನ್ನೆ, ದವಡೆ. ಅಕ್ಕಿ ಆರಿಸುವವರು ಮಾತಾಡುತ್ತಲೇ ಕಲ್ಲು ತೆಗೆಯುವ ಹಾಗೆ. ನಾನು ಪಕ್ಕದಲ್ಲೇ ಇದ್ದೆ. ನೋಡುತ್ತಲೇ ಇದ್ದೆ. ಗುರುತು ಹೋಯಿತು. ಅತ್ತೆ ಚೆಲುವೆಯಾಗಿ ಕಂಡಳು. "ಎಷ್ಟು ಚೆನ್ನಾಗಿ ಬಂದಿದೆ ಅಪ್ಪ" ಎಂದೆ. ಅದೂ ನನ್ನದೇ ಬಾಯಿ.

ಅಪ್ಪ ಎಂಟು ಪ್ರತಿ ತೆಗೆದು ಲಕೋಟೆಗೆ ಹಾಕಿ ಅಂಟಿಸಿ ಕೊಟ್ಟ. ಕನ್ನಡಕವಿಲ್ಲದ, ಪೊರೆ ಬಂದ ಕಣ್ಣು. ಅತ್ತೆ ಬಿಚ್ಚಿಯೂ ನೋಡಲಿಲ್ಲ. ತಮ್ಮ ಆಯ್ತು ಅಂದಿದ್ದ.

ಕಾರ್ಡಿನ ಕಚೇರಿಯಲ್ಲಿ ಉದ್ದ ಸಾಲಿತ್ತು. ನಮ್ಮ ಸರದಿ ಬಂದಾಗ ಗುಮಾಸ್ತರು ಫೋಟೋ ನೋಡಿದರು, ಅತ್ತೆಯನ್ನು ನೋಡಿದರು, ಅರ್ಜಿ ನೋಡಿದರು. ಕೆಟ್ಟ ಮನುಷ್ಯರಲ್ಲ, ಕುರ್ಚಿ ಕೊಡಿಸಿ ಕೂರಿಸಿಯೇ ಕೇಳಿದರು.

"ಅಮ್ಮ, ಇದು ನಿಮ್ಮ ತಂಗಿ ಫೋಟೋನಾ?"

"ನನಗೆ ತಂಗಿ ಇಲ್ಲ."

"ಇಲ್ಲಿ ಸುಟ್ಟ ಗುರುತು ಅಂತ ಬರೆದಿದೀರಿ. ನಿಮ್ಮ ಮುಖದಲ್ಲೂ ಇದೆ. ಫೋಟೋದಲ್ಲಿ ಎಲ್ಲಿ?"

ಅತ್ತೆ ಫೋಟೋ ಕೇಳಿ ಪಡೆದಳು. ಮೂಗಿನ ಹತ್ತಿರ ಹಿಡಿದಳು, ದೂರ ಹಿಡಿದಳು. ಅವಳಿಗೆ ಕಾಣುತ್ತಿರಲಿಲ್ಲ. ಹೆಬ್ಬೆರಳಿನಿಂದ ಫೋಟೋದ ದವಡೆಯ ಜಾಗವನ್ನು ತಿಕ್ಕಿದಳು, ಮೇಲೆ ಏನೋ ಮೆತ್ತಿದೆ ಎಂಬಂತೆ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಇಲ್ವಾ?"

"ಇಲ್ಲ ಅತ್ತೆ," ಎಂದೆ.

ಸಾಲಿನಲ್ಲಿದ್ದವರು ಇಣುಕಿ ನೋಡುತ್ತಿದ್ದರು. "ಬೇರೆಯವರ ಹೆಸರಲ್ಲಿ ಮಾಡಿಸ್ಕೊಳ್ಳೋಕೆ ಬಂದಿರ್ಬೇಕು, ಹೋದ ತಿಂಗಳೂ ಒಬ್ರು ಸಿಕ್ಕಿಬಿದ್ರು" ಎಂದು ಹಿಂದಿನವರೊಬ್ಬರು ಪಕ್ಕದವರಿಗೆ ಹೇಳಿದ್ದು ಚೆನ್ನಾಗಿ ಕೇಳಿಸಿತು. ಗುಮಾಸ್ತರು ಅರ್ಜಿಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ 'ಚಿತ್ರ ತಾಳೆಯಾಗುವುದಿಲ್ಲ, ವಿಚಾರಣೆಗೆ' ಎಂದು ಬರೆದರು.

ಅತ್ತೆ ಎದ್ದು ರಸ್ತೆ ದಾಟಿದಳು. ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಒಂದು ಹುಡುಗಿ ಬಿಳಿ ಬಟ್ಟೆಯ ಮುಂದೆ ನಿಲ್ಲಿಸಿ ಎರಡು ನಿಮಿಷದಲ್ಲಿ ಫೋಟೋ ತೆಗೆದುಕೊಟ್ಟಳು. ಅದರಲ್ಲಿ ಒಂದು ಕಣ್ಣು ಅರ್ಧ ಮುಚ್ಚಿತ್ತು, ಮೂಗಿನ ನೆರಳು ತುಟಿಯ ಮೇಲೆ ಬಿದ್ದಿತ್ತು, ಗುರುತು ಢಾಳಾಗಿ ಕಾಣುತ್ತಿತ್ತು. ಅದನ್ನು ಕೊಟ್ಟಾಗ ಗುಮಾಸ್ತರು, "ಇದು ಸರಿಯಾಗಿದೆ ಅಮ್ಮ. ಆದರೆ ಕೆಂಪಲ್ಲಿ ಬರೆದಾಯ್ತಲ್ಲ, ನಾನು ಸಹಿ ಹಾಕಿದ್ರೆ ನಾಳೆ ನನ್ನನ್ನ ಕೇಳ್ತಾರೆ. ವಿಚಾರಣೆಗೆ ಮನೆಗೆ ಬರ್ತಾರೆ, ಆಮೇಲೆ ಆಗತ್ತೆ" ಎಂದರು.

ವಿಚಾರಣೆಯವರು ಬರಲು ಐದು ತಿಂಗಳಾಯಿತು. ಅಷ್ಟರಲ್ಲಿ ಕಾರ್ಖಾನೆಯಲ್ಲಿ ಅತ್ತೆಯ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರು. ಅವಳನ್ನು ನೂಲಿನ ಚೂರು ಗುಡಿಸುವ ಕೆಲಸಕ್ಕೆ ಹಾಕಿದರು. ಮುಂದೆ ಆಪರೇಷನ್ ಆಗಿ ಕಣ್ಣು ಚೆನ್ನಾದ ಮೇಲೂ ಕಾಜಾದ ಕುರ್ಚಿ ವಾಪಸ್ ಸಿಗಲಿಲ್ಲ. ಇವತ್ತಿಗೂ ಗುಡಿಸುತ್ತಿದ್ದಾಳೆ.

ಕಚೇರಿಗೆ ಹೋದ ದಿನ ಸಂಜೆಯೇ ಅಪ್ಪನಿಗೆ ವಿಷಯ ತಿಳಿಯಿತು. ಕೂಡಲೇ ಸ್ಟುಡಿಯೋದಲ್ಲಿ ಮೊದಲಿನ ಚಿತ್ರವನ್ನು, ಏನೂ ತೆಗೆಯದೆ, ದೊಡ್ಡದಾಗಿ ಮುದ್ರಿಸಿ ಹಳ್ಳಿಯ ಮನೆಗೆ ತಂದ. ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಅವನು ಅದನ್ನು ಅವಳ ಮಡಿಲಲ್ಲಿಟ್ಟ.

"ಬೇಕು ಅಂತ ಮಾಡ್ಲಿಲ್ಲ ಅಕ್ಕ. ಕೈ ತಾನಾಗೇ ಹೋಯ್ತು."

"ಗೊತ್ತು."

"ಬೈದುಬಿಡು."

"ಬೈಯೋಕೆ ಏನಿದೆ? ಆ ಅಲುಗಾಡಬೇಡಿಯವರಿಗೆ ನಾನು ಯಾರೋ. ಗದ್ದ ಹಿಡಿದ್ರು, ತಿರುಗಿಸಿದ್ರು, ಅವರ ಕೆಲಸ ಅವರು ಮಾಡಿದ್ರು. ನೀನು ಮೂವತ್ತಮೂರು ವರ್ಷ ನನ್ನ ಎದುರಿಗೆ ಕೂತು ಊಟ ಮಾಡಿದೀಯ. ನನ್ನ ಮುಖ ಒಂದ್ಸಲನಾದ್ರೂ ನೋಡಿದೀಯೇನೋ?"

"ನೋಡದೇ ಈ ಫೋಟೋ ತೆಗೆದ್ನಾ?"

"ಅದು ಕ್ಯಾಮೆರಾ ನೋಡಿದ್ದು," ಎಂದಳು. ಫೋಟೋವನ್ನು ಅವನ ಕಡೆಗೆ ಸರಿಸಿದಳು. ಅಪ್ಪ ಅದನ್ನು ಎತ್ತಿಕೊಂಡ. ಅಷ್ಟರಲ್ಲಿ ಅಮ್ಮ ಬಂದು ಊಟಕ್ಕೆ ಕರೆದಳು. ಅಂದಿನಿಂದ ಅತ್ತೆ ಅಪ್ಪನ ಎದುರು ಕೂತು ಊಟ ಮಾಡುವುದಿಲ್ಲ. ಮಾತು ಬಿಟ್ಟಿಲ್ಲ, ಜಗಳವೂ ಇಲ್ಲ. ತಟ್ಟೆ ಹಿಡಿದು ಹಿತ್ತಲಿಗೆ ಹೋಗುತ್ತಾಳೆ, ಅಷ್ಟೇ.

ಅಪ್ಪ ಈಗ ಸ್ಟೂಲಿನ ಮೇಲೆ ಕೂತ ಪ್ರತಿಯೊಬ್ಬರನ್ನೂ ಕೇಳುತ್ತಾನೆ: "ಮುಖದ ಮೇಲೆ ಇರೋದು ಇರಲಾ, ತೆಗೀಲಾ?" ಜನಕ್ಕೆ ಇದು ಹೊಸ ತಮಾಷೆ. "ಇಸ್ತ್ರಿಗೆ ಕೊಟ್ಟು ಸುಕ್ಕು ಇರಲಿ ಅಂತಾರಾ ಅಣ್ಣ ಯಾರಾದ್ರೂ?" ಎಂದು ನಗುತ್ತಾರೆ. ಒಬ್ಬ ಮುದುಕಿ, "ಹಲ್ಲು ಎರಡು ಹಾಕೋಕಾಗತ್ತಾ?" ಎಂದು ಕೇಳಿದಳು. ಅಪ್ಪ ಮತ್ತೊಮ್ಮೆ ಕೇಳುತ್ತಾನೆ, ಕಚೇರಿಗೆ ಕೊಡುವುದಾದರೆ ತೊಂದರೆಯಾದೀತು ಎನ್ನುತ್ತಾನೆ. ತೆಗೀರಿ ತೆಗೀರಿ ಎನ್ನುತ್ತಾರೆ.

ಹೀಗೆ ಎರಡು ವರ್ಷವಾಗಿದೆ. ಹೋದ ಭಾನುವಾರ ನಾನು ಹಳ್ಳಿಗೆ ಹೊರಟಾಗ, ಕೆಲಸ ಬಾಕಿಯಿದೆ ಎಂದು ಆ ರಾತ್ರಿ ಸ್ಟುಡಿಯೋದಲ್ಲೇ ಉಳಿಯಲಿದ್ದ ಅಪ್ಪ ಬಸ್ ನಿಲ್ದಾಣದ ತನಕ ಬಂದ.

"ನಿಮ್ಮತ್ತೆಗೆ ಒಂದು ಮಾತು ಹೇಳು. ಈಗ ನಾನು ಎಲ್ಲರನ್ನೂ ಕೇಳೇ ಮಾಡ್ತೀನಿ ಅಂತ. ಎರಡು ವರ್ಷದಲ್ಲಿ ಇರಲಿ ಅಂದವರು ಒಬ್ಬರೂ ಸಿಕ್ಕಿಲ್ಲ ಅಂತಾನೂ ಹೇಳು."

ಹೇಳಿದೆ. ಅತ್ತೆ ಒಣಗಿದ ಬಟ್ಟೆ ಮಡಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಾನು ಇರಲಿ ಅಂದಿದ್ನಲ್ಲ."

ಸೋಮವಾರ ಬೆಳಿಗ್ಗೆ ಸ್ಟುಡಿಯೋಗೆ ಹೋಗಿ ಅದನ್ನು ಹಾಗೆಯೇ ಅಪ್ಪನಿಗೆ ತಲುಪಿಸಿದೆ. ಅಪ್ಪ ಕೌಂಟರಿನ ಗಾಜು ಒರೆಸುತ್ತಿದ್ದ.

"ಸಿಟ್ಟಲ್ಲಿ ಹೇಳಿದ್ಲಾ?"

"ಇಲ್ಲಪ್ಪ. ಸುಮ್ನೆ ಹೇಳಿದ್ಲು."

"ಸಿಟ್ಟಲ್ಲಿ ಹೇಳಿದ್ರೆ ಒಳ್ಳೇದಿತ್ತು," ಎಂದು ಬಟ್ಟೆ ಹಿಂಡಿ, ಒರೆಸಿದ ಜಾಗವನ್ನೇ ಇನ್ನೊಮ್ಮೆ ಒರೆಸತೊಡಗಿದ.